ಉಪವಾಸ ಬೇರೆ, ಹಸಿವು ಬೇರೆ

ಬೆಳಗ್ಗೆಯಿಂದ ಏನೂ ತಿನ್ನದ ಇಬ್ಬರನ್ನು ಕಣ್ಮುಂದೆ ತಂದುಕೊಳ್ಳಿ. ಒಬ್ಬರ ಮನೆಯಲ್ಲಿ ಇವತ್ತು ಏಕಾದಶಿ. ಅಕ್ಕಿ, ಬೇಳೆ, ತುಪ್ಪ ಎಲ್ಲವೂ ಇದೆ, ಆದರೆ ಒಲೆ ಹಚ್ಚಿಲ್ಲ. ಇನ್ನೊಬ್ಬರ ಮನೆಯಲ್ಲೂ ಒಲೆ ಹಚ್ಚಿಲ್ಲ, ಯಾಕಂದ್ರೆ ಡಬ್ಬದಲ್ಲಿ ಅಕ್ಕಿಯೇ ಇಲ್ಲ. ಸಂಜೆ ಹೊತ್ತಿಗೆ ಡಾಕ್ಟರೊಬ್ಬರು ಬಂದು ಪರೀಕ್ಷೆ ಮಾಡಿದರೆ ಎರಡೂ ಹೊಟ್ಟೆ ಖಾಲಿ ಅಂತಲೇ ಹೇಳ್ತಾರೆ. ಆದರೆ ಇಬ್ಬರ ಸ್ಥಿತಿಯೂ ಒಂದೇ ಅಂತ ಯಾರಾದರೂ ಹೇಳೋಕಾಗುತ್ತಾ?

1998ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಮರ್ತ್ಯ ಸೇನ್ ಈ ಉಪವಾಸ ಮತ್ತು ಹಸಿವಿನ ಉದಾಹರಣೆಯನ್ನು ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ತರುತ್ತಾರೆ. (ಏಕಾದಶಿ ನಾನು ಸೇರಿಸಿದ್ದು.) ಮನುಷ್ಯ ಚೆನ್ನಾಗಿದ್ದಾನಾ ಅಂತ ತಿಳಿಯೋಕೆ ಅವನ ಕೈಗೆ ಏನು ಬಂತು ಅಂತ ನೋಡಿದರೆ ಸಾಲದು, ಬೇರೆ ಏನು ಮಾಡೋಕೆ ಅವನಿಗೆ ಸಾಧ್ಯ ಇತ್ತು ಅಂತಲೂ ನೋಡಬೇಕು ಅನ್ನೋದು ಅವರ ವಾದ. ಊಟ ಮಾಡೋ ಸಾಧ್ಯತೆ ಇದ್ದೂ ಬಿಟ್ಟರೆ ಅದು ಉಪವಾಸ. ಸಾಧ್ಯತೆಯೇ ಇಲ್ಲದಿದ್ದರೆ ಹಸಿವು.

ಈ ಮಾತನ್ನು ಅನ್ನದ ತಟ್ಟೆಯಿಂದ ಆಸ್ಪತ್ರೆಯ ಐಸಿಯುಗೆ ತರುತ್ತೇನೆ. ಅದಕ್ಕೆ ಕಾರಣ ಇದೆ. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಗುಣವಾಗುವ ಭರವಸೆಯೇ ಇಲ್ಲದ, ಸಾವಿನ ಅಂಚಿನಲ್ಲಿರುವ ರೋಗಿಗೆ ಘನತೆಯಿಂದ ಸಾಯುವ ಹಕ್ಕಿದೆ ಎಂಬ ಸುಪ್ರೀಂ ಕೋರ್ಟ್ ತೀರ್ಪನ್ನು ರಾಜ್ಯದಲ್ಲಿ ಜಾರಿಗೆ ತರುವ ಆದೇಶ ಅದು. ಸುದ್ದಿ ಬಂದ ದಿನ ಪರದೆಯ ಕೆಳಗಿನ ಪಟ್ಟಿಯಲ್ಲಿ ಓಡಿದ ಪದ ಒಂದೇ: ದಯಾಮರಣ. ಮೊದಲು ಆ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕಂದ್ರೆ ಗೊಂದಲ ಶುರುವಾಗೋದೇ ಅಲ್ಲಿಂದ.

ವೈದ್ಯರು ಇಂಜೆಕ್ಷನ್ ಕೊಟ್ಟು ರೋಗಿಯ ಜೀವ ತೆಗೆಯೋದು ಒಂದು ಬಗೆ. ನೆದರ್ಲೆಂಡ್ಸ್, ಬೆಲ್ಜಿಯಂನಲ್ಲಿ 2002ರಿಂದ ಕೆಲವು ಷರತ್ತುಗಳ ಮೇಲೆ ಇದಕ್ಕೆ ಅವಕಾಶ ಇದೆ. ಬೇರೆಯವರು ತಂದುಕೊಟ್ಟ ಔಷಧಿಯನ್ನು ರೋಗಿ ತಾನೇ ಕುಡಿಯೋದು ಇನ್ನೊಂದು ಬಗೆ, ಸ್ವಿಟ್ಜರ್ಲೆಂಡ್ ಹೆಸರಾಗಿರೋದು ಅದಕ್ಕೆ. ಭಾರತದಲ್ಲಿ ಈ ಎರಡೂ ಅಪರಾಧ. ಇವತ್ತಿಗೂ ಅಪರಾಧ. ಕರ್ನಾಟಕದ ಸುತ್ತೋಲೆ ಅದರಲ್ಲಿ ಒಂದಕ್ಷರವನ್ನೂ ಬದಲಾಯಿಸಿಲ್ಲ. ನಮ್ಮಲ್ಲಿ ಅವಕಾಶ ಇರೋದು ಮೂರನೆಯದಕ್ಕೆ ಮಾತ್ರ. ರೋಗಿ ಗುಣವಾಗುವುದಿಲ್ಲ ಅಂತ ಖಚಿತವಾದ ಮೇಲೆ, ಸಾವನ್ನು ಮುಂದಕ್ಕೆ ತಳ್ಳೋದಕ್ಕಷ್ಟೇ ಉಪಯೋಗವಾಗುವ ಯಂತ್ರವನ್ನು ತೆಗೆಯೋದು, ಅಥವಾ ಹಾಕದೇ ಇರೋದು. ಆಮೇಲೆ ಜೀವ ಹೋದರೆ ಅದು ಕಾಯಿಲೆಯಿಂದ ಹೋಗುತ್ತೆ, ಯಾರ ಕೈಯಿಂದಲೂ ಅಲ್ಲ. ಇದನ್ನು ದಯಾಮರಣ ಅಂತ ಕರೆಯೋದೇ ನನಗೆ ಒಪ್ಪಿಗೆಯಿಲ್ಲ. ಯಾರೋ ದೊಡ್ಡವರು ಯಾರ ಮೇಲೋ ದಯೆ ತೋರಿಸಿದ ಹಾಗೆ ಕೇಳುತ್ತೆ. ಹಕ್ಕಿನ ವಿಷಯದಲ್ಲಿ ದಯೆಗೇನು ಕೆಲಸ?

ಈ ಹಕ್ಕಿನ ಹಿಂದೆ ಒಬ್ಬ ಕನ್ನಡತಿ ಇದ್ದಾಳೆ. ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ನರ್ಸ್ ಆಗಬೇಕು ಅಂತ ಮುಂಬೈಗೆ ಹೋದ ಹುಡುಗಿ, ಅರುಣಾ ಶಾನಭಾಗ. ಕೆಇಎಂ ಆಸ್ಪತ್ರೆಯಲ್ಲಿ ಕೆಲಸ. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಒಬ್ಬ ಕೆಲಸಗಾರ ನಾಯಿ ಕಟ್ಟುವ ಸರಪಳಿಯನ್ನು ಆಕೆಯ ಕುತ್ತಿಗೆಗೆ ಬಿಗಿದು ಅತ್ಯಾಚಾರ ಎಸಗಿದ. ಮೆದುಳಿಗೆ ಆಮ್ಲಜನಕ ನಿಂತುಹೋಯಿತು. ಆಗ ಆಕೆಗೆ 25 ವರ್ಷ. ಆಮೇಲೆ 41 ವರ್ಷ ಅದೇ ಆಸ್ಪತ್ರೆಯ ಒಂದು ಕೋಣೆಯಲ್ಲಿ ಮಲಗಿದ್ದಳು. ದಾಳಿ ಮಾಡಿದವನು ಏಳು ವರ್ಷದ ಶಿಕ್ಷೆ ಮುಗಿಸಿ ಹೊರಗೆ ಬಂದ.

ಆಕೆಯ ಬಗ್ಗೆ ಪುಸ್ತಕ ಬರೆದಿದ್ದ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಆಹಾರ ಕೊಡೋದನ್ನು ನಿಲ್ಲಿಸಿ, ಆಕೆಯನ್ನು ನೆಮ್ಮದಿಯಿಂದ ಹೋಗಲು ಬಿಡಿ ಅನ್ನೋದು ಅರ್ಜಿ. ಆಗ ಎದ್ದು ನಿಂತವರು ಕೆಇಎಂ ಆಸ್ಪತ್ರೆಯ ನರ್ಸುಗಳು. ತಲೆಮಾರಿನಿಂದ ತಲೆಮಾರಿಗೆ ಅವರು ಅರುಣಾಳನ್ನು ನೋಡಿಕೊಂಡಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹಳಬರು ಆಕೆಯ ಜವಾಬ್ದಾರಿ ಕೊಟ್ಟು ನಿವೃತ್ತರಾಗಿದ್ದರು. ದಶಕಗಟ್ಟಲೆ ಹಾಸಿಗೆ ಹಿಡಿದವಳ ಬೆನ್ನಲ್ಲಿ ಹಾಸಿಗೆ ಹುಣ್ಣಿಲ್ಲ ಅಂದರೆ ಆ ಆರೈಕೆ ಎಂಥದ್ದಿರಬೇಕು ಯೋಚಿಸಿ. ಬೇಡ, ನಾವು ನೋಡಿಕೊಳ್ತೇವೆ ಅಂದರು ಅವರು. 2011ರ ಮಾರ್ಚ್ 7ರಂದು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನ್ ಸುಧಾ ಮಿಶ್ರಾ ಅವರಿದ್ದ ಪೀಠ ಅರ್ಜಿಯನ್ನು ತಿರಸ್ಕರಿಸಿತು. ಅರುಣಾ ಪರವಾಗಿ ಮಾತಾಡುವ ಅಧಿಕಾರ ಇರೋದು ಈ ನರ್ಸು, ವೈದ್ಯರಿಗೆ, ಅರ್ಜಿದಾರರಿಗಲ್ಲ ಅಂದಿತು. ಆದರೆ ಅದೇ ತೀರ್ಪಿನಲ್ಲಿ, ಇಂಥ ಪ್ರಕರಣಗಳಲ್ಲಿ ಹೈಕೋರ್ಟಿನ ಅನುಮತಿ ಪಡೆದು ಚಿಕಿತ್ಸೆ ನಿಲ್ಲಿಸಬಹುದು ಅಂತ ಮೊದಲ ಬಾರಿಗೆ ದಾರಿ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡಳು. ತನ್ನ ಹೆಸರಿನಲ್ಲಿ ಇಷ್ಟೆಲ್ಲಾ ನಡೆದಿದ್ದು ಆಕೆಗೆ ಗೊತ್ತಾಗಲೇ ಇಲ್ಲ.

ವಿರಾನಿ ಸರಿಯೋ ನರ್ಸುಗಳು ಸರಿಯೋ ಅಂತ ಸ್ಟುಡಿಯೋದಲ್ಲಿ ಒಂದು ಗಂಟೆ ಚರ್ಚೆ ಮಾಡಬಹುದು. ನನಗೆ ಕಾಣೋದು ಬೇರೆ. ಎರಡೂ ಕಡೆಯವರ ಮನಸ್ಸಿನಲ್ಲಿ ಇದ್ದದ್ದು ಪ್ರೀತಿಯೇ. ಒಬ್ಬರು ಆಕೆಗೆ ಬಿಡುಗಡೆ ಬಯಸಿದರು, ಇನ್ನೊಬ್ಬರು ಆಕೆಯ ಯೋಗಕ್ಷೇಮ ಬಯಸಿದರು. ನಿನಗೇನು ಬೇಕಮ್ಮಾ ಅಂತ ಕೇಳೋಕೆ ಮಾತ್ರ ಇಬ್ಬರಿಗೂ ಆಗಲಿಲ್ಲ. ಇಪ್ಪತ್ತೈದರ ಹುಡುಗಿ ಅಂಥದ್ದನ್ನೆಲ್ಲ ಮುಂಚೆಯೇ ಯಾರಿಗೆ ಹೇಳಿರ್ತಾಳೆ?

ಆ ಪ್ರಶ್ನೆಗೆ ಕಾನೂನು ಹುಡುಕಿದ ಉತ್ತರವೇ ಲಿವಿಂಗ್ ವಿಲ್. ಸರ್ಕಾರಿ ಭಾಷೆಯಲ್ಲಿ ಅಡ್ವಾನ್ಸ್ ಮೆಡಿಕಲ್ ಡೈರೆಕ್ಟಿವ್. ಬುದ್ಧಿ ಸ್ವಾಧೀನದಲ್ಲಿ ಇರುವಾಗಲೇ, ಮುಂದೆ ಮಾತಾಡೋಕೆ ಆಗದ ಸ್ಥಿತಿ ಬಂದರೆ ನನಗೆ ಯಾವ ಚಿಕಿತ್ಸೆ ಬೇಡ ಅಂತ ಬರೆದಿಡುವ ಪತ್ರ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಕಾಮನ್ ಕಾಸ್ ಸಂಸ್ಥೆಯ ಅರ್ಜಿಯ ಮೇಲೆ, ಇದಕ್ಕೆ ಮಾನ್ಯತೆ ಕೊಟ್ಟಿತು. ಇದಕ್ಕೆ ನೆಲ ಹದ ಮಾಡಿದ್ದು ಇನ್ನೊಂದು ತೀರ್ಪು. ಅದರ ಹಿಂದೆಯೂ ಒಬ್ಬ ಕನ್ನಡಿಗರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹಾಕಿದ್ದ ಅರ್ಜಿಯಿಂದ ಹುಟ್ಟಿದ ಖಾಸಗಿತನದ ತೀರ್ಪು, 2017ರ ಆಗಸ್ಟ್ 24ರದ್ದು. ಅದರಲ್ಲಿ ನ್ಯಾಯಮೂರ್ತಿ ಚೆಲಮೇಶ್ವರ್, ಜೀವ ಎಳೆಯುವ ಚಿಕಿತ್ಸೆಯನ್ನು ಬೇಡ ಅನ್ನೋದು ಕೂಡ ವ್ಯಕ್ತಿಯ ಖಾಸಗಿ ಸ್ವಾತಂತ್ರ್ಯದೊಳಗೇ ಬರುತ್ತೆ ಅಂತ ಬರೆದರು. ಬೆರಳಚ್ಚಿನ ವಿಷಯಕ್ಕೆ ಶುರುವಾದ ಕೇಸು ಐಸಿಯು ಬಾಗಿಲವರೆಗೆ ಹೋಯಿತು ನೋಡಿ.

ಆದರೆ 2018ರ ತೀರ್ಪು ಕೊಟ್ಟ ಹಕ್ಕು ಎಷ್ಟು ಗಟ್ಟಿಯೋ ಅದರ ದಾರಿ ಅಷ್ಟೇ ಕಷ್ಟ. ಪತ್ರಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಸಹಿ ಹಾಕಬೇಕಿತ್ತು. ನಮ್ಮ ಕೋರ್ಟುಗಳ ಮುಂದೆ ನಿಂತು ನೋಡಿದವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ವೈದ್ಯರ ಸಂಘಟನೆಯೇ ಮತ್ತೆ ಕೋರ್ಟಿಗೆ ಹೋಗಿ ಕೇಳಿದ ಮೇಲೆ, 2023ರ ಜನವರಿ 24ರಂದು ನಿಯಮ ಸಡಿಲವಾಯಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಹತ್ತಿರ ದೃಢೀಕರಿಸಿಕೊಂಡರೆ ಸಾಕು. ಕರ್ನಾಟಕದ ಸುತ್ತೋಲೆ ಜಾರಿಗೆ ತಂದಿದ್ದು ಈ ಸರಳವಾದ ರೂಪವನ್ನು.

ಪತ್ರ ಇದ್ದ ಮಾತ್ರಕ್ಕೆ ಯಾರೋ ಬಂದು ಪ್ಲಗ್ ಕಿತ್ತುಬಿಡೋದಿಲ್ಲ. ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ 5 ವರ್ಷದ ಅನುಭವವಿರುವ ಇಬ್ಬರು ತಜ್ಞರು ಸೇರಿ ಮೊದಲ ಮಂಡಳಿ. ಅವರು ಒಪ್ಪಿದ ಮೇಲೆ, ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದ ಒಬ್ಬ ವೈದ್ಯರೂ ಬೇರೆ ಇಬ್ಬರು ತಜ್ಞರೂ ಇರುವ ಎರಡನೇ ಮಂಡಳಿ. ಎರಡೂ ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು. ರೋಗಿ ಹೆಸರಿಸಿದ ಬಂಧುಗಳ ಒಪ್ಪಿಗೆ ಬೇಕು. ಕೊನೆಗೆ, ಜಾರಿಗೆ ತರುವ ಮುಂಚೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಪತ್ರ ಬರೆದಿಡದ ರೋಗಿಯ ವಿಷಯದಲ್ಲೂ ಮನೆಯವರ ಒಪ್ಪಿಗೆಯಿಂದ ಇದೇ ದಾರಿ. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು.

ಇಷ್ಟು ಕೇಳಿದ ಮೇಲೂ ಕೆಲವರಿಗೆ ಇದು ನಮ್ಮ ಸಂಸ್ಕೃತಿಯಲ್ಲ ಅನಿಸುತ್ತೆ. ಶ್ರವಣಬೆಳಗೊಳದ ಚಂದ್ರಗಿರಿಗೆ ಹೋಗಿ ಬನ್ನಿ. ಸಲ್ಲೇಖನದಿಂದ ದೇಹ ಬಿಟ್ಟವರ ಶಾಸನಗಳು ಬಂಡೆಯ ಮೇಲೆ ಸಾಲುಸಾಲಾಗಿವೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನ ಆತ್ಮಹತ್ಯೆಗೆ ಸಮ ಅಂದಾಗ, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ವಿನೋಬಾ ಭಾವೆ 1982ರ ನವೆಂಬರ್‌ನಲ್ಲಿ ಪವನಾರ್ ಆಶ್ರಮದಲ್ಲಿ ಅನ್ನವನ್ನೂ ಔಷಧಿಯನ್ನೂ ಬೇಡ ಅಂದು ಹೋದರು. ನಮ್ಮ ಅಜ್ಜಿಯಂದಿರು ದೇವರ ಮುಂದೆ ಕೇಳುತ್ತಿದ್ದದ್ದೂ ಅನಾಯಾಸ ಮರಣವನ್ನೇ, ಜೊತೆಗೆ ಯಾರ ಮುಂದೆಯೂ ಕೈಚಾಚದ ಬದುಕನ್ನು. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು ಅನ್ನೋದನ್ನು ನೆನಪಿಡಿ.

ನಾನು ಭಯಪಡೋದು ಬೇರೆ ಒಂದು ಮಾತಿಗೆ. ವಯಸ್ಸಾದವರ ಬಾಯಲ್ಲಿ ನೀವೂ ಕೇಳಿರ್ತೀರಿ: ಯಾರಿಗೂ ಭಾರ ಆಗಬಾರದಪ್ಪಾ. ಎಪ್ಪತ್ತೈದು ವರ್ಷದ ತಾಯಿ ನಾಳೆ ಇಂಥ ಪತ್ರಕ್ಕೆ ಸಹಿ ಹಾಕಿದರೆ ಅದು ಆಕೆಯ ಸ್ವತಂತ್ರ ನಿರ್ಧಾರವೋ, ಸೊಸೆ ನಿಟ್ಟುಸಿರು ಬಿಟ್ಟಿದ್ದನ್ನು ಕೇಳಿಸಿಕೊಂಡಿದ್ದರ ಫಲವೋ? ಆಸ್ತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಹಾಗೆ ಇದಕ್ಕೂ ಒತ್ತಿಸಿಕೊಳ್ಳೋ ಮಕ್ಕಳು ಇರೋದಿಲ್ವಾ? ಇರ್ತಾರೆ. ನಮ್ಮ ಕ್ರೈಂ ಬುಲೆಟಿನ್ ನೋಡುವ ಯಾರೂ ಇಲ್ಲ ಅನ್ನೋದಿಲ್ಲ. ಎರಡು ಮಂಡಳಿಗಳನ್ನು ಇಟ್ಟಿರೋದು ಅದಕ್ಕೇ. ಆದರೆ ಮಂಡಳಿ ಶ್ವಾಸಕೋಶ ಪರೀಕ್ಷೆ ಮಾಡಬಹುದು, ಮನೆಯ ಒಳಗಿನ ಮಾತನ್ನಲ್ಲ. 2016ರಿಂದ ವೈದ್ಯರ ನೆರವಿನ ಸಾವಿಗೆ ಅವಕಾಶ ಇರುವ ಕೆನಡಾದಲ್ಲಿ, 2021ರಲ್ಲಿ ಸಾವಿನ ಅಂಚಿನಲ್ಲಿ ಇಲ್ಲದವರಿಗೂ ಅದನ್ನು ವಿಸ್ತರಿಸಿದರು. ಬದುಕೋಕೆ ಬೇಕಾದ ಮನೆ, ಸಹಾಯಕರು, ಪಿಂಚಣಿ ಸಿಗದ ಅಂಗವಿಕಲರು ಸಾವನ್ನು ಕೇಳುವಂತಾದರೆ ಅದನ್ನು ಆಯ್ಕೆ ಅನ್ನಬೇಕಾ ಅಂತ ಅಂಗವಿಕಲರ ಸಂಘಟನೆಗಳೇ ಅಲ್ಲಿ ಪ್ರಶ್ನೆ ಮಾಡುತ್ತಿವೆ. ನಮ್ಮ ಕಾನೂನು ಅಲ್ಲಿಯವರೆಗೆ ಹೋಗಿಲ್ಲ. ಆದರೂ ಅವರ ಪ್ರಶ್ನೆ ನಮಗೂ ಅನ್ವಯಿಸುತ್ತೆ.

ಅನ್ವಯಿಸುತ್ತೆ ಅಂತ ಯಾಕೆ ಹೇಳ್ತೀನಿ ಗೊತ್ತಾ? ಆಸ್ಪತ್ರೆಗಳಲ್ಲಿ ಒಂದು ಪದ ಇದೆ, ಲಾಮಾ. ಬೌದ್ಧ ಗುರು ಅಲ್ಲ. ವೈದ್ಯರ ಸಲಹೆಗೆ ವಿರುದ್ಧವಾಗಿ ರೋಗಿಯನ್ನು ಕರೆದುಕೊಂಡು ಹೋಗೋದಕ್ಕೆ ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರ ಸೇರಿಸಿ ಮಾಡಿಕೊಂಡ ಹೆಸರು. ಹಳ್ಳಿಯಿಂದ ಬಂದ ಮಗ ಮೂರು ದಿನ ವೆಂಟಿಲೇಟರ್ ಬಿಲ್ ಕಟ್ಟುತ್ತಾನೆ. ನಾಲ್ಕನೇ ದಿನ ಹೆಂಡತಿಯ ಸರ ಹೋಗುತ್ತೆ. ಐದನೇ ದಿನ ಒಂದು ಫಾರಂ ಮೇಲೆ ಸಹಿ ಮಾಡ್ತಾನೆ: ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಕರೆದುಕೊಂಡು ಹೋಗುತ್ತಿದ್ದೇವೆ. ಆಂಬುಲೆನ್ಸಿನಲ್ಲಿ ಒಬ್ಬ ಹುಡುಗ ಕೈಯಲ್ಲಿ ಉಸಿರಿನ ಚೀಲ ಒತ್ತುತ್ತಾ ಕೂರುತ್ತಾನೆ. ಮನೆ ಬಾಗಿಲಲ್ಲಿ ಇಳಿಸಿದ ಮೇಲೆ ಒತ್ತೋದನ್ನು ನಿಲ್ಲಿಸುತ್ತಾನೆ.

ಇದಕ್ಕೆ ಎರಡು ಮಂಡಳಿಗಳಿಲ್ಲ, 48 ಗಂಟೆಯ ಗಡುವಿಲ್ಲ, ಮ್ಯಾಜಿಸ್ಟ್ರೇಟರಿಗೆ ತಿಳಿಸೋದೂ ಇಲ್ಲ. ಅಲ್ಲಿ ನಿರ್ಧಾರ ತೆಗೆದುಕೊಂಡಿದ್ದು ಬಿಲ್ಲು. ಆ ತಂದೆ ಗುಣವಾಗುವ ರೋಗಿಯೋ ಅಲ್ಲವೋ ಅನ್ನೋ ಪ್ರಶ್ನೆಯೂ ಬರಲಿಲ್ಲ. ವೆಂಟಿಲೇಟರ್ ತೆಗೆದದ್ದು ಇಲ್ಲೂ ನಿಜ, ಲಿವಿಂಗ್ ವಿಲ್ ಬರೆದಿಟ್ಟವರ ವಿಷಯದಲ್ಲೂ ನಿಜ. ಅದು ಉಪವಾಸ, ಇದು ಹಸಿವು.

ಇದರ ತದ್ವಿರುದ್ಧ ಮನೆಯೂ ನಮಗೆ ಗೊತ್ತು. ದುಡ್ಡಿಗೆ ಕೊರತೆಯಿಲ್ಲ. ಮೆದುಳಿನಲ್ಲಿ ರಕ್ತಸ್ರಾವವಾಗಿ ಬಿದ್ದ ಎಂಬತ್ತೆಂಟರ ತಂದೆ ಐಸಿಯುನಲ್ಲಿದ್ದಾರೆ. ಡಾಕ್ಟರು ಎರಡನೇ ದಿನವೇ ಕೈಚೆಲ್ಲಿದ್ದಾರೆ. ಆದರೆ ಸಾಕು ಅನ್ನೋ ಮಾತನ್ನು ಮೊದಲು ಆಡೋಕೆ ಯಾವ ಮಗನಿಗೂ ಧೈರ್ಯವಿಲ್ಲ, ನಾಳೆ ಅಪ್ಪನನ್ನು ಕೊಂದ ಅಂತ ತಮ್ಮನೇ ಅಂದುಬಿಟ್ಟರೆ? ಅಮೆರಿಕದಲ್ಲಿರೋ ಮಗಳು, ನಾನು ಬರೋವರೆಗೂ ಇಟ್ಟಿರಿ ಅಂತಾಳೆ. ಹಾಗೆ ಹತ್ತು ದಿನ, ಹದಿನೈದು ದಿನ. ಗಂಟಲಲ್ಲಿ ಕೊಳವೆ, ಕೈ ಎಳೆದುಕೊಳ್ಳದ ಹಾಗೆ ಮಂಚಕ್ಕೆ ಕಟ್ಟಿದ ಬಟ್ಟೆ, ದಿನಕ್ಕೆ ಎರಡು ಸಲ ಐದೈದು ನಿಮಿಷ ಒಳಗೆ ಹೋಗಿ ನೋಡೋ ಅವಕಾಶ. ಬಾಯಿಗೆ ಒಂದು ಚಮಚ ನೀರು ಬಿಡೋಕೂ ಪಕ್ಕದಲ್ಲಿ ಯಾರೂ ಇರೋದಿಲ್ಲ. ಈ ಯಜಮಾನರಿಗೆ ಚಿಕಿತ್ಸೆ ಎಲ್ಲಾ ಸಿಕ್ಕಿತು, ಸ್ವಾತಂತ್ರ್ಯ ಸಿಗಲಿಲ್ಲ. ಲಿವಿಂಗ್ ವಿಲ್ ನೇರವಾಗಿ ಉಪಯೋಗಕ್ಕೆ ಬರೋದು ಇಂಥ ಮನೆಗೆ. ಹೋಗೋರಿಗೆ ಎಷ್ಟೋ ಅಷ್ಟೇ ಉಳಿಯೋರಿಗೂ. ಅಪ್ಪನೇ ಬರೆದಿಟ್ಟಿದ್ದಾರೆ ಅಂದಮೇಲೆ ಮಕ್ಕಳು ತಪ್ಪಿತಸ್ಥ ಭಾವನೆ ಹೊತ್ತು ಬದುಕಬೇಕಾಗಿಲ್ಲ.

ಆಂಬುಲೆನ್ಸಿನ ಆ ಮನೆಗೆ ಬೇಕಾಗಿದ್ದು ಮಾತ್ರ ಪತ್ರವಲ್ಲ. ಒಂದು, ಗುಣವಾಗುವ ಕಾಯಿಲೆಗೆ ದುಡ್ಡಿನ ಭಯವಿಲ್ಲದ ಚಿಕಿತ್ಸೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅವಕಾಶ ಇದೆ. ಆದರೆ ಎಪಿಎಲ್ ಕಾರ್ಡಿನವರಿಗೆ ವೆಚ್ಚದ 30 ಭಾಗ ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ಕಾರ್ಡ್ ಎಪಿಎಲ್, ಕೈ ಖಾಲಿ ಅನ್ನೋ ಲಕ್ಷಾಂತರ ಮನೆಗಳಿವೆ ನಮ್ಮಲ್ಲಿ. ಇನ್ನೊಂದು, ಗುಣವಾಗದ ಕಾಯಿಲೆಗೆ ನೋವಿಲ್ಲದ ಕೊನೆ. ಚಿಕಿತ್ಸೆ ಬೇಡ ಅಂದವರನ್ನು ಹಾಗೇ ಬಿಟ್ಟುಬಿಡೋದಲ್ಲ. ನೋವಿಗೆ ಮಾರ್ಫಿನ್, ಉಸಿರಾಟದ ಸಂಕಟಕ್ಕೆ ಔಷಧಿ, ಹುಣ್ಣಿಗೆ ಡ್ರೆಸ್ಸಿಂಗ್, ಪಕ್ಕದಲ್ಲಿ ಮನುಷ್ಯರು. ಇದನ್ನು ಪ್ಯಾಲಿಯೇಟಿವ್ ಕೇರ್ ಅಂತಾರೆ.

ಇದು ಕನಸಿನ ಮಾತಲ್ಲ. ಬೆಂಗಳೂರಿನ ಮಾರತ್ತಹಳ್ಳಿ ಬಳಿ ಕರುಣಾಶ್ರಯ ಇದೆ. 1994ರಲ್ಲಿ ಹುಟ್ಟಿದ ಟ್ರಸ್ಟ್ ಅದು. 1999ರಿಂದ ಸ್ವಂತ ಕಟ್ಟಡದಲ್ಲಿ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿಯೂ ಇಲ್ಲದೆ ನೋಡಿಕೊಳ್ಳುತ್ತಿದೆ. ಕೇರಳ 2008ರಲ್ಲೇ ಇದಕ್ಕೆ ಸರ್ಕಾರಿ ನೀತಿ ಮಾಡಿ, ಪಂಚಾಯಿತಿಗಳ ಮೂಲಕ ನರ್ಸುಗಳನ್ನು ರೋಗಿಯ ಮನೆಗೇ ಕಳಿಸುತ್ತಿದೆ. ಮಾರ್ಫಿನ್ ದುಬಾರಿ ಔಷಧಿಯಲ್ಲ. 1985ರ ಮಾದಕ ವಸ್ತು ಕಾಯ್ದೆಯ ಕಟ್ಟುಪಾಡಿಗೆ ಹೆದರಿ ಆಸ್ಪತ್ರೆಗಳು ಅದನ್ನು ಇಡೋದನ್ನೇ ಬಿಟ್ಟಿದ್ದವು. 2014ರಲ್ಲಿ ಸಂಸತ್ತು ಆ ಕಾಯ್ದೆಗೆ ತಿದ್ದುಪಡಿ ತಂದು ಲೈಸೆನ್ಸ್ ತೊಡಕು ಕಡಿಮೆ ಮಾಡಿತು. ಕಾಯ್ದೆ ಬದಲಾದರೂ ಹೆದರಿಕೆ ಪೂರ್ತಿ ಹೋಗಿಲ್ಲ. ಜನವರಿ 30ರ ಸುತ್ತೋಲೆಯನ್ನು ನಾನು ಸ್ವಾಗತಿಸಿದ್ದೇನೆ, ಈಗಲೂ ಸ್ವಾಗತಿಸುತ್ತೇನೆ. ಆದರೆ ಬೇಡ ಅನ್ನೋ ಹಕ್ಕನ್ನು ಕೊಡೋಕೆ ಸರ್ಕಾರಕ್ಕೆ ಒಂದು ಹಾಳೆ ಸಾಕು. ಬೇಕು ಅನ್ನೋದನ್ನು ಕೊಡೋಕೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕು ಹಾಸಿಗೆ, ತರಬೇತಿ ಪಡೆದ ನರ್ಸು, ಬೀಗದ ಕಪಾಟಿನಲ್ಲಿ ಮಾರ್ಫಿನ್ ಬೇಕು. ಬಜೆಟ್ ದಿನ ನಾನು ಹುಡುಕೋದು ಎರಡನೆಯದನ್ನು.

ಇನ್ನು, ಪತ್ರ ಬರೆಯೋದು ಹೇಗೆ ಅಂತ ಕೇಳುವವರಿಗೆ. 18 ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರು ಬೇಕಾದರೂ ಬರೆಯಬಹುದು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಸ್ಪಷ್ಟವಾಗಿ ಬರೆಯಿರಿ. ಪತ್ರ ಅಸ್ಪಷ್ಟವಾಗಿದ್ದರೆ ಮಂಡಳಿ ಅದನ್ನು ಪಕ್ಕಕ್ಕಿಡಬಹುದು. ನಿಮ್ಮ ಪರವಾಗಿ ನಿರ್ಧಾರ ಹೇಳುವವರ ಹೆಸರು ಬರೆಯಿರಿ, ಒಬ್ಬರಿಗಿಂತ ಹೆಚ್ಚು ಜನರನ್ನೂ ಹೆಸರಿಸಬಹುದು. ಹತ್ತಿರದವರು ಅನ್ನೋ ಕಾರಣಕ್ಕೆ ಹೆಸರಿಸಬೇಡಿ, ಐಸಿಯು ಬಾಗಿಲಲ್ಲಿ ನಿಮ್ಮ ಮಾತನ್ನು ನಡುಗದೆ ಹೇಳಬಲ್ಲವರನ್ನು ಹೆಸರಿಸಿ. ಅವರಿಗೆ ಮುಂಚೆಯೇ ಹೇಳಿ. ಸಹಿ ಮಾಡಿದ ಮೇಲೂ ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ಹಿಂತೆಗೆದುಕೊಳ್ಳಬಹುದು. ಮಾತಾಡುವ ಶಕ್ತಿ ಇರುವಷ್ಟು ದಿನ ಪತ್ರಕ್ಕೆ ಬೆಲೆಯಿಲ್ಲ, ನಿಮ್ಮ ಬಾಯಿಮಾತಿಗೇ ಬೆಲೆ.

ಒಂದು ಪ್ರತಿ ಮನೆಯವರ ಹತ್ತಿರ, ಒಂದು ನಿಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಇರಲಿ. ಮತ್ತೊಂದು ಪ್ರತಿಯನ್ನು ಇಟ್ಟುಕೊಳ್ಳೋಕೆ ಪಂಚಾಯಿತಿ, ಪುರಸಭೆ, ಪಾಲಿಕೆಗಳಲ್ಲಿ ಒಬ್ಬ ಅಧಿಕಾರಿ ಇರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಊರಿನ ಕಚೇರಿಗೆ ಹೋಗಿ ಆ ಅಧಿಕಾರಿ ಯಾರು ಅಂತ ಕೇಳಿ. ಹೆಸರು ಹೇಳೋಕೆ ಅವರಿಗೆ ಗೊತ್ತಾಗದಿದ್ದರೆ, ದಿನಾಂಕ ಮತ್ತು ಕಚೇರಿಯ ವಿಳಾಸದ ಜೊತೆ ನಮ್ಮ ವಾಹಿನಿಗೆ ಬರೆದು ಕಳಿಸಿ.